ಪದಗಳ ಒಡನಾಟ

ನಮ್ಮ ಪ್ರಸಾದನಿಲಯದಲ್ಲಿದ್ದು ಹೈಸ್ಕೂಲು ಮುಗಿಸಿ, ಮುಂದೆ ನರ್ಸಿಂಗ್ ಪದವಿ ಪಡೆದ ತರುಣನೊಬ್ಬನು ಎರಡು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದನು. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಸೇವೆಗೆ ಸೇರಬೇಕೆಂಬುದು ಅವನ ಹಂಬಲ. ತಂದೆಯಿಲ್ಲದ ಮನೆ, ಮದುವೆಗೆ ಬಂದ ತಂಗಿ, ಒಣಬೇಸಾಯದ ನಾಲ್ಕು ಎಕರೆ. ಹಂಬಲದ ಕಾರಣವನ್ನು ನಾವು ಕೇಳಬೇಕಾಗಿರಲಿಲ್ಲ. ಅಲ್ಲಿಯ ಶುಶ್ರೂಷಕರ ನೋಂದಣಿ ಮಂಡಳಿಯು ಒಪ್ಪುವ ಭಾಷಾಪರೀಕ್ಷೆಗಳಲ್ಲಿ ಐ.ಇ.ಎಲ್.ಟಿ.ಎಸ್. ಒಂದು. 9 ಬ್ಯಾಂಡುಗಳ ಅಳತೆಯಲ್ಲಿ ಆಲಿಸುವುದು, ಓದುವುದು, ಮಾತನಾಡುವುದು ಇವುಗಳಲ್ಲಿ 7, ಬರೆಯುವುದರಲ್ಲಿ 6.5 ಬರಬೇಕು. ಪರೀಕ್ಷೆಯ ಶುಲ್ಕವೇ ಅವನ ಒಂದು ತಿಂಗಳ ಸಂಬಳದ ಬಹುಭಾಗವನ್ನು ನುಂಗುವಂತಹದು.

"ಅಪ್ಪಾವರ, ನನ್ನ ಹತ್ತಿರ ಶಬ್ದಾನ ಇಲ್ಲ" ಎಂದನು.

ಶಬ್ದವೆಂದೊಡನೆ ನಮಗೆ ನೆನಪಾಗುವುದು ಅಮರಕೋಶ. ಪಾಠಶಾಲೆಯಲ್ಲಿ ಬೆಳಗಿನ ಜಾವ ಎದ್ದು ಕುಳಿತು, ಅದರ ಮೂರು ಕಾಂಡಗಳನ್ನು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡಿದವರು ನಾವು. ಮುಂದೆ ಧಾರವಾಡದಲ್ಲಿ ಎಂ.ಎ. ಓದುವಾಗ ಇಂಗ್ಲಿಷನ್ನೂ ಅದೇ ದಾರಿಯಿಂದ ಹಿಡಿಯಲು ಹೊರಟೆವು. ನಿಘಂಟಿನಿಂದ ದಿನಕ್ಕೆ ಇಪ್ಪತ್ತು ಪದ. ತರುಣನಿಗೂ ಅದನ್ನೇ ವಿಧಿಸಿದೆವು. ಪರ್ಯಾಯಪದಗಳ ಪುಸ್ತಕವೊಂದನ್ನು ಕೊಂಡು, ರಾತ್ರಿ ಪಾಳಿಯ ಬಿಡುವಿನಲ್ಲಿಯೂ ಅವನು ಉರುಹೊಡೆದನು. ಆರು ತಿಂಗಳಲ್ಲಿ ಎರಡು ಸಾವಿರ ಪದಗಳು ಅವನ ನಾಲಗೆಯ ತುದಿಯಲ್ಲಿದ್ದವು. ಫಲಿತಾಂಶ ಬಂದಾಗ ಓದುವುದರಲ್ಲಿ 7.5, ಬರೆಯುವುದರಲ್ಲಿ 5.5.

ಅಭ್ಯಾಸಕ್ಕಾಗಿ ಅವನು ಬರೆದಿದ್ದ ಪ್ರಬಂಧಗಳನ್ನು ತರಿಸಿ ನೋಡಿದೆವು. ನಾಶಮಾಡು ಎಂಬ ಅರ್ಥಕ್ಕೆ ಕಲಿತ ಏಳೆಂಟು ಪದಗಳಲ್ಲಿ ದೊಡ್ಡದಾಗಿ ಕಂಡುದನ್ನು ಆರಿಸಿ, ಕ್ಷಯರೋಗವನ್ನು 'ಡೆಮಾಲಿಷ್' ಮಾಡಬೇಕೆಂದು ಬರೆದಿದ್ದನು. ಡೆಮಾಲಿಷ್ ಮಾಡುವುದು ಹಳೆಯ ಕಟ್ಟಡವನ್ನು. ರೋಗಕ್ಕೆ ಹೊಂದುವುದು 'ಇರಾಡಿಕೇಟ್'. ಇನ್ನೊಂದೆಡೆ ರೋಗಿಗಳ 'ಪ್ಲೆಥೊರಾ' ಇತ್ತು. ಈ ಪದ ಮೂಲತಃ ವೈದ್ಯರದೇ, ದೇಹದಲ್ಲಿ ರಕ್ತವು ಮಿತಿಮೀರುವುದಕ್ಕೆ ಇಟ್ಟ ಹೆಸರು. ಹೊರರೋಗಿಗಳ ಸಾಲಿಗೆ ಅದನ್ನು ಅಂಟಿಸಿದ್ದು ಶುಶ್ರೂಷಕನೇ ಎಂಬುದು ನಮಗೆ ನಗೆ ತರಿಸಿತು. ಆದರೆ ಆ ನಗೆ ಬಹಳ ಹೊತ್ತು ಉಳಿಯಲಿಲ್ಲ. ತಪ್ಪು ಹೇಳಿಕೊಟ್ಟವರದು.

ಅಮರಕೋಶವು ಬೆಂಕಿಗೆ ಅನಲ, ಪಾವಕ, ಹವ್ಯವಾಹನ ಮುಂತಾಗಿ ಹಲವು ಹೆಸರುಗಳನ್ನು ಕೊಡುತ್ತದೆ. ಪದದ ಲಿಂಗವನ್ನೂ ತಿಳಿಸುತ್ತದೆ. ಒಲೆಯಲ್ಲಿ ಹವ್ಯವಾಹನನನ್ನು ಹೊತ್ತಿಸು ಎಂದು ಅಡಿಗೆಯವನಿಗೆ ಹೇಳಬಾರದೆಂಬುದನ್ನು ಮಾತ್ರ ಅದು ಹೇಳುವುದಿಲ್ಲ. ನಮ್ಮ ಗುರುಗಳಿಗೆ ಇದು ತಿಳಿದಿತ್ತು. ಆದುದರಿಂದಲೇ ಕೋಶದ ಬೆನ್ನಿಗೇ ರಘುವಂಶವನ್ನು ಹಿಡಿಸುತ್ತಿದ್ದರು. ಕೋಶದಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದ ಪದಗಳು ಕಾವ್ಯದಲ್ಲಿ ತಮತಮಗೆ ಒಪ್ಪುವ ಜೊತೆಯನ್ನು ಹುಡುಕಿಕೊಂಡು ಹೋಗುವುದನ್ನು ಅಲ್ಲಿ ಕಂಡೆವು. ಈ ಹುಡುಗನಿಗೆ ನಾವು ಕೋಶವನ್ನು ಕೊಟ್ಟು ಕಾವ್ಯವನ್ನು ಕೊಡದೆ ಹೋದೆವು.

ಪರೀಕ್ಷೆಯವರೇ ಪ್ರಕಟಿಸಿರುವ ಮಾನದಂಡಗಳನ್ನು ಓದಿದ್ದು ಆ ಮೇಲೆ, ಮೊದಲೇ ಓದಬೇಕಾಗಿದ್ದಿತು. ಬರವಣಿಗೆಗೆ ನಾಲ್ಕು ಮಾನದಂಡಗಳು, ನಾಲ್ಕಕ್ಕೂ ಸಮಪಾಲು. ಪದಸಂಪತ್ತು ಅವುಗಳಲ್ಲಿ ಒಂದು ಮಾತ್ರ. ಅದರಲ್ಲಿಯೂ 7ನೆಯ ಬ್ಯಾಂಡಿನ ವಿವರಣೆಯು ವಿರಳ ಪದಗಳ ಜೊತೆಗೆ, ಯಾವ ಪದ ಯಾವುದರೊಡನೆ ಸೇರುತ್ತದೆಂಬ ಅರಿವನ್ನೂ ಬಯಸುತ್ತದೆ. ನಾವು ಕನ್ನಡದಲ್ಲಿ ಜೋರು ಮಳೆ, ಜೋರು ಗಾಳಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ಏಕೆಂದು ಕೇಳಿದರೆ ಯಾವ ವ್ಯಾಕರಣವೂ ಉತ್ತರಿಸದು. ಓದಿ ಕೇಳಿಯೇ ಪಳಗಬೇಕು.

ಯಾವ ಪದಗಳು ಎಂಬುದಕ್ಕೂ ಒಳ್ಳೆಯ ದಾರಿಯಿದೆ. ಢಾಕಾದಲ್ಲಿ ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಮೈಕೇಲ್ ವೆಸ್ಟ್ ಅವರು 1953ರಲ್ಲಿ ಸುಮಾರು 2000 ಮೂಲಪದಗಳ ಪಟ್ಟಿಯನ್ನು ಹೊರತಂದರು. ಅವನ್ನು ಬಿಟ್ಟು, ವಿದ್ಯಾವಿಷಯಕ ಬರಹಗಳಲ್ಲಿ ಮೇಲಿಂದ ಮೇಲೆ ಬರುವ 570 ಪದಕುಟುಂಬಗಳನ್ನು ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಅವರು 2000ದಲ್ಲಿ ಪ್ರಕಟಿಸಿದರು. ಅಂತಹ ಬರಹದ ಹತ್ತರಲ್ಲಿ ಒಂದು ಪದ ಈ ಗುಂಪಿನದು. ಕುಟುಂಬವೆಂಬ ಮಾತು ನಮಗೆ ಹಿಡಿಸಿತು. 'ಅನಲೈಜ್' ಬಂದರೆ 'ಅನಾಲಿಸಿಸ್', 'ಅನಲಿಟಿಕಲ್' ಹಿಂದೆಯೇ ಬರುತ್ತವೆ. ಧಾತುವೊಂದರಿಂದ ಕೃದಂತಗಳನ್ನು ಹೊರಡಿಸಿದವರಿಗೆ ಇದು ಹೊಸದಲ್ಲ.

ಹಳೆಯ ಪುಸ್ತಕವನ್ನು ಕಟ್ಟಿಡಿಸಿ ಎರಡನೆಯ ಸಲ ಬೇರೆ ರೀತಿಯಲ್ಲಿ ಆರಂಭಿಸಿದೆವು. ದಿನಕ್ಕೆ ಐದೇ ಪದ. ಪ್ರತಿಯೊಂದನ್ನೂ ಅವನು ಇಂಗ್ಲಿಷ್ ಪತ್ರಿಕೆಯಲ್ಲಿಯೋ ವೈದ್ಯಕೀಯ ಲೇಖನದಲ್ಲಿಯೋ ಕಂಡ ವಾಕ್ಯದ ಸಮೇತ ಬರೆದುಕೊಳ್ಳಬೇಕು. ಎಡಬಲದ ಪದಗಳಿಗೆ ಗೆರೆ ಎಳೆಯಬೇಕು. ತನ್ನ ವಾರ್ಡಿನ ಸಂಗತಿಯೊಂದನ್ನು ಕುರಿತು ಸ್ವಂತ ವಾಕ್ಯ ರಚಿಸಬೇಕು. ಮರುದಿನ, ಮೂರನೆಯ ದಿನ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಹಿಂದಿನದನ್ನು ಆವರ್ತಿಸಬೇಕು. ಬಾಯಿಪಾಠದ ಹಳೆಯ ಅಭ್ಯಾಸ ಇಲ್ಲಿ ಮಾತ್ರ ನಿಜವಾಗಿ ಉಪಕಾರಕ್ಕೆ ಬಂದಿತು. ವಾರಕ್ಕೆ ಎರಡು ಪ್ರಬಂಧ, ಒಂದೊಂದು 250 ಪದಕ್ಕೆ ಕಡಿಮೆಯಿಲ್ಲದಂತೆ, ನಲವತ್ತು ನಿಮಿಷದೊಳಗೆ. ತಿದ್ದುವ ಕೆಲಸ ನಮ್ಮದು. ಪೂಜೆ ಮುಗಿದ ಮೇಲೆ ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತರೆ ಮಠದ ಮರಿಗಳಿಗೆ ಸೋಜಿಗ.

ಎರಡನೆಯ ಸಲ ಬರೆಯುವುದರಲ್ಲಿ 6 ಬಂದಿತು. ಅರ್ಧ ಕಡಿಮೆ. ಹುಡುಗ ದೂರವಾಣಿಯಲ್ಲಿ ಅಳಲಿಲ್ಲ; ತಾಯಿಗೆ ಹೇಗೆ ಹೇಳಲಿ ಎಂದಷ್ಟೇ ಕೇಳಿದನು. ನಾವೇ ಹೇಳಿದೆವು.

ಮೂರನೆಯ ಪರೀಕ್ಷೆ ಬರುವ ತಿಂಗಳು. ಈ ಗುರುವಾರವೂ ಎರಡು ಪ್ರಬಂಧಗಳು ಬಂದಿವೆ. ಒಂದರಲ್ಲಿ ತಿದ್ದಲು ನಮಗೆ ಸಿಕ್ಕಿದ್ದು ಬಿಟ್ಟುಹೋದ ಒಂದು 'ದಿ' ಮಾತ್ರ; ಇನ್ನೊಂದನ್ನು ಇನ್ನೂ ಓದಬೇಕಾಗಿದೆ.