ಡಿಸ್ಕ್‌ಗೂ ಒಂದು ವಿಳಾಸ

ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಅಣ್ಣನ ಅಂಗಡಿಯ ಲೆಕ್ಕವೆಲ್ಲ ಅದರಲ್ಲೇ ಇದೆ. ನನಗೆ ಲಿನಕ್ಸ್ ಕಲಿಯುವ ಆಸೆ, ಅಬ್ಬನಿಗೆ ಲೆಕ್ಕ ಅಳಿಸಿಹೋದೀತೆಂಬ ಭಯ. ಇಬ್ಬರಿಗೂ ಒಪ್ಪಿಗೆಯಾದ ದಾರಿ ಕ್ಯೂಎಮು ಎಂಬ ಎಮ್ಯುಲೇಟರ್. 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಈ ಉಚಿತ ತಂತ್ರಾಂಶ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ನಡೆಸುತ್ತದೆ. ಅದರ ಡಿಸ್ಕ್ ನಮ್ಮ ಪಾಲಿಗೆ ಬರೀ ಒಂದು ಫೈಲ್. ಹಾಳಾದರೆ ಅಳಿಸಿ ಇನ್ನೊಂದನ್ನು ಮಾಡಿಕೊಂಡರಾಯಿತು.

ಆ ಯಂತ್ರಕ್ಕೆ ಎರಡು ಡಿಸ್ಕ್ ಜೋಡಿಸಿದಾಗ ಒಂದು ಪ್ರಶ್ನೆ ಎದ್ದಿತು. ಮೊದಲು ಯಾವುದು ಬೂಟ್ ಆಗಬೇಕು? ಅದನ್ನು ಹೇಳಲು ಬೂಟ್‌ಇಂಡೆಕ್ಸ್ ಎಂಬ ಸಂಖ್ಯೆ ಕೊಡುತ್ತೇವೆ. ಆದರೆ ಬೂಟ್ ಮಾಡಿಸುವುದು ಯಂತ್ರದೊಳಗಿನ ಸೀಬಯೋಸ್ ಎಂಬ ಫರ್ಮ್‌ವೇರ್. ನಾನು ಡಿಸ್ಕ್‌ಗೆ ಇಟ್ಟ 'ಅಭ್ಯಾಸ' ಎಂಬ ಹೆಸರು ಅದಕ್ಕೆ ಗೊತ್ತಿಲ್ಲ. ಮನೆಯವರು ಕರೆಯುವ ಮುದ್ದಿನ ಹೆಸರು ಅಂಚೆಯಣ್ಣನಿಗೆ ತಿಳಿಯದ ಹಾಗೆ. ಅವನಿಗೆ ಬೇಕಾದದ್ದು ವಿಳಾಸ.

ಆ ವಿಳಾಸವನ್ನು ಕ್ಯೂಎಮು ತಾನೇ ತಯಾರಿಸುತ್ತದೆ. ಡಿಸ್ಕ್ ತನ್ನ ಮೇಲಿನ ಬಸ್ಸಿನ ವಿಳಾಸ ಕೇಳುತ್ತದೆ, ಅದು ತನ್ನ ಮೇಲಿನದನ್ನು ಕೇಳುತ್ತದೆ. ಹೀಗೆ ಬೇರು ಮುಟ್ಟಿದ ಮೇಲೆ, ಹಿಂದಿರುಗುವಾಗ ಒಂದೊಂದು ಹಂತವೂ ತನ್ನ ತುಂಡನ್ನು ಸೇರಿಸುತ್ತದೆ. ಕೊನೆಗೆ ಸಿಗುವುದು ಇಂಥದ್ದು: /ಪಿಸಿಐ@ಐ0ಸಿಎಫ್8/ಐಡಿಇ@1,1/ಡ್ರೈವ್@0/ಡಿಸ್ಕ್@0. ಪಿಸಿಐ ಬಸ್, ಅದರ 1ನೇ ಸ್ಲಾಟಿನ 1ನೇ ಫಂಕ್ಷನ್‌ನಲ್ಲಿರುವ ಐಡಿಇ, ಅದರ ಮೊದಲ ಚಾನೆಲ್, ಅಲ್ಲಿಯ ಮೊದಲ ಡಿಸ್ಕ್. ಎಣಿಕೆ ಸೊನ್ನೆಯಿಂದ ಶುರು. ನಾವು ಲಕೋಟೆಯ ಮೇಲೆ ಮನೆಯಿಂದ ಜಿಲ್ಲೆಗೆ ಹೋಗುತ್ತೇವೆ; ಇದು ಜಿಲ್ಲೆಯಿಂದ ಮನೆಗೆ ಬರುತ್ತದೆ. ಬರೆಯುವ ಈ ಕ್ರಮ ಓಪನ್ ಫರ್ಮ್‌ವೇರ್‌ನದು. 1994ರಲ್ಲಿ ಅದು ಐಇಇಇ 1275 ಎಂಬ ಮಾನದಂಡವಾಯಿತು.

ಇಂಥ ವಿಳಾಸಗಳ ಪಟ್ಟಿ 'ಬೂಟ್‌ಆರ್ಡರ್' ಎಂಬ ಫೈಲಾಗಿ ಸೀಬಯೋಸ್ ಕೈಸೇರುತ್ತದೆ. ಅದು ತಾನು ಕಂಡ ಸಾಧನಗಳಿಗೂ ಇದೇ ರೀತಿಯ ವಿಳಾಸ ಕಟ್ಟಿ, ಪಟ್ಟಿಯೊಂದಿಗೆ ಹೋಲಿಸುತ್ತದೆ. ಎರಡೂ ಹೊಂದಿದರೆ ಡಿಸ್ಕ್‌ಗೆ ಆ ಪಟ್ಟಿಯಲ್ಲಿರುವ ಸರದಿ ಸಿಗುತ್ತದೆ.

ಒಂದು ಸಂಜೆ ಡಿಸ್ಕ್ ಫೈಲಿನ ಹೆಸರು ಬದಲಿಸಿ ನೋಡಿದೆ. ವಿಳಾಸ ಬದಲಾಗಲಿಲ್ಲ. ಅದೇ ಫೈಲನ್ನು ಎರಡನೆಯ ಚಾನೆಲ್‌ಗೆ ಜೋಡಿಸಿದೆ. ಡ್ರೈವ್@0 ಇದ್ದದ್ದು ಡ್ರೈವ್@1 ಆಯಿತು. ವಿಳಾಸ ಇರುವವರದಲ್ಲ, ಇರುವ ಜಾಗದ್ದು. ಬಾಡಿಗೆ ಮನೆ ಬದಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಅದೇ ಜನ. ಆದರೂ ವಿದ್ಯಾರ್ಥಿವೇತನದ ಪತ್ರ ಹುಡುಕುವುದು ಹಳೆಯ ಬಾಗಿಲನ್ನೇ.

ಗೆಳೆಯರೇ, ಆಸಕ್ತಿ ಇದ್ದವರು ಕ್ಯೂಎಮು ಮಾನಿಟರಿನಲ್ಲಿ 'ಇನ್ಫೋ ಕ್ಯೂಟ್ರೀ' ಎಂದು ಟೈಪ್ ಮಾಡಿ. ಬಸ್ಸುಗಳೂ ಸಾಧನಗಳೂ ಕುಟುಂಬದ ವಂಶವೃಕ್ಷದಂತೆ ತೆರೆದುಕೊಳ್ಳುತ್ತವೆ. ಯಾವುದಾದರೊಂದು ಡಿಸ್ಕ್ ಆರಿಸಿ, ಅದರ ವಿಳಾಸವನ್ನು ಮೊದಲು ಕಾಗದದ ಮೇಲೆ ನೀವೇ ಬರೆದು ನೋಡಿ.