ನಮ್ಮ ಹಿತ್ತಲಿನಲ್ಲಿ ಏನು ಹಾಕಬೇಕು?

ನಮ್ಮ ಮನೆಯ ಹಿಂದೆ 20 ಅಡಿ ಉದ್ದ, 12 ಅಡಿ ಅಗಲದ ಹಿತ್ತಲು ಇದೆ. ಹೋದ ವರ್ಷದವರೆಗೆ ಅಲ್ಲಿ ಸೌದೆ ಒಟ್ಟಿದ್ದೆವು. ಈ ಶ್ರಾವಣದಲ್ಲಿ ಅದನ್ನು ಖಾಲಿ ಮಾಡಿ ಕೈತೋಟ ಮಾಡೋಣ ಎಂದು ಎಲ್ಲರೂ ಒಪ್ಪಿದರು. ಆದರೆ ಏನು ಹಾಕಬೇಕು ಅನ್ನುವುದರಲ್ಲಿ ಒಬ್ಬರ ಮಾತು ಒಬ್ಬರಿಗೆ ಹಿಡಿಸಲಿಲ್ಲ. ಅಪ್ಪ ಟೊಮೇಟೊ ಹಾಕಿ ಸಂತೆಗೆ ಕಳಿಸೋಣ ಅಂದರು. ಅಜ್ಜಿ ದೇವರಿಗೆ ಹೂವು ಬೇಕು ಅಂದರು. ತಮ್ಮ ಕಲ್ಲಂಗಡಿ ಅಂದ. ಅಮ್ಮ ಸುಮ್ಮನಿದ್ದರು.

ಅಮ್ಮನ ಯೋಚನೆ ಬೇರೆ ಇತ್ತು. ನಮ್ಮ ಅಕ್ಕ ಈಗ ಬಸುರಿ. ಕಾರ್ತಿಕ ಮಾಸದಲ್ಲಿ ಸೀಮಂತ ಮಾಡಿ ಅವಳನ್ನು ಕರೆದುಕೊಂಡು ಬರುತ್ತೇವೆ. ಪುಷ್ಯದಲ್ಲಿ ಹೆರಿಗೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಹಿಮೋಗ್ಲೋಬಿನ್ 9 ಇದೆ ಅಂದರಂತೆ. ಬಸುರಿಯರಿಗೆ 11 ಆದರೂ ಇರಬೇಕು. ಕಬ್ಬಿಣದ ಮಾತ್ರೆ ಕೊಟ್ಟು, ಜೊತೆಗೆ ದಿನಾ ಸೊಪ್ಪು ತಿನ್ನಬೇಕು ಎಂದು ಹೇಳಿದ್ದಾರೆ. ನಮ್ಮ ಕಡೆ ಸಂತೆ ವಾರಕ್ಕೆ ಒಂದೇ ಸಲ. ಶನಿವಾರ ತಂದ ಸೊಪ್ಪು ಸೋಮವಾರಕ್ಕೆ ಬಾಡಿಹೋಗುತ್ತೆ. "ಉಳಿದ ದಿನ ನನ್ನ ಮಗಳಿಗೆ ಏನು ಹಾಕಲಿ?" ಎಂದು ಅಮ್ಮ ಕೇಳಿದರು. ಆಮೇಲೆ ಕಲ್ಲಂಗಡಿ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹಿತ್ತಲಿನ ಚಿತ್ರ ಬರೆದೆ. ಮೊದಲು ನೀರಿನ ಲೆಕ್ಕ. ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಅದು ಕುಡಿಯೋಕೆ, ಅಡುಗೆಗೆ ಬೇಕು. ಮನೆಯಲ್ಲಿ ಐದು ಜನ. ಒಬ್ಬರ ಸ್ನಾನಕ್ಕೆ 15 ಲೀಟರ್ ಅಂದರೆ ದಿನಕ್ಕೆ 75 ಲೀಟರ್ ಬಚ್ಚಲ ನೀರು. ಅದರಲ್ಲಿ ಸೋಪು ಇರುತ್ತೆ, ಸೊಪ್ಪಿಗೆ ಹಾಕಬಾರದು. ಅದಕ್ಕೇ ಬಚ್ಚಲ ಮೋರಿಯ ಹತ್ತಿರ ಎರಡು ಬಾಳೆ ಕಂದು ನೆಡುತ್ತೇವೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ದಿನಕ್ಕೆ ಎರಡು ಬಿಂದಿಗೆ ಆಗುತ್ತೆ. ಅದು ಸೊಪ್ಪಿನ ಮಡಿಗೆ. 4 ಅಡಿ ಉದ್ದ, 3 ಅಡಿ ಅಗಲದ ನಾಲ್ಕು ಮಡಿಗೆ ಅಷ್ಟು ನೀರು ಸಾಕು. ನೀರು ಹೊರುವ ಕೆಲಸ ತಮ್ಮನದು.

ಆಮೇಲೆ ದಿನದ ಲೆಕ್ಕ. ಮೆಂತ್ಯ ಸೊಪ್ಪು 25 ದಿನಕ್ಕೆ ಕೀಳೋಕೆ ಬರುತ್ತೆ. ದಂಟಿನ ಸೊಪ್ಪಿಗೆ ಒಂದು ತಿಂಗಳು ಬೇಕು. ನಾಲ್ಕೂ ಮಡಿಗೆ ಒಂದೇ ದಿನ ಬೀಜ ಚೆಲ್ಲಿದರೆ ಎಲ್ಲಾ ಒಟ್ಟಿಗೆ ಬಂದು ಒಟ್ಟಿಗೆ ಮುಗಿದುಹೋಗುತ್ತೆ. ಅದಕ್ಕೆ ವಾರಕ್ಕೆ ಒಂದೊಂದು ಮಡಿ ಹಾಕಬೇಕು. ನಾಲ್ಕನೆಯದು ಹಾಕಿ ಒಂದು ವಾರಕ್ಕೆ ಮೊದಲನೆಯದು ಬಂದಿರುತ್ತೆ. ಕಿತ್ತ ಮಡಿಗೆ ಕೊಟ್ಟಿಗೆ ಗೊಬ್ಬರ ಹಾಕಿ ಮತ್ತೆ ಬೀಜ ಹಾಕುವುದು. ಅಕ್ಕ ಕಾರ್ತಿಕದಲ್ಲಿ ಬರುತ್ತಾಳೆ, ಆದ್ದರಿಂದ ಮೊದಲ ಮಡಿ ಆಶ್ವಯುಜದಲ್ಲಿ. ಅಲ್ಲಿಯವರೆಗೆ ಮಣ್ಣು ಅಗೆದು ಹದ ಮಾಡಬೇಕು.

ಅಜ್ಜಿ ನನ್ನ ಪಟ್ಟಿ ಓದಿಸಿ ಕೇಳಿದರು. "ಬದನೆ ನಂಜು, ಬಾಣಂತಿ ಮನೇಲಿ ಬೇಡ" ಅಂತ ತೆಗೆಸಿದರು. ಬಾಣಂತಿಗೆ ಹಾಲು ಬರುತ್ತೆ ಅಂತ ಸಬ್ಬಸಿಗೆ ಸೇರಿಸಿದರು. ಅವರೆ ತಿಂದರೆ ವಾಯು ಅಂದರು. ಆದರೆ ನಮಗೆಲ್ಲ ಅವರೆಕಾಳು ಸಾರು ಬೇಕಲ್ಲ! ಅಜ್ಜಿಯೇ ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟಿದ್ದ ಬೀಜ ಇತ್ತು. ಅದನ್ನು ಈಗಲೇ ಬೇಲಿ ಸಾಲಿಗೆ ಹಾಕಿದೆವು. ಊರಿನ ಅವರೆ ಹಗಲು ಚಿಕ್ಕದಾದ ಮೇಲೆ ಹೂ ಬಿಡುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಎಲ್ಲಾ ಕಾಲದಲ್ಲೂ ಬಿಡುವ ಹೆಬ್ಬಾಳ ಅವರೆ ತಳಿ ಮಾಡಿದ್ದಾರೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದರು. ಅಜ್ಜಿಗೆ ಮಾತ್ರ ಚಳಿಗಾಲದ ಸೊಗಡಿನ ಅವರೆಯೇ ಆಗಬೇಕು.

ಅಪ್ಪನಿಗೆ ಆರು ಟೊಮೇಟೊ ಗಿಡ ಕೊಟ್ಟೆವು. ಅವುಗಳ ಸುತ್ತ ಅಜ್ಜಿಯ ಚೆಂಡು ಹೂವು. ಟೊಮೇಟೊ ಕಾಯಿ ಕೊರೆಯುವ ಹುಳದ ಚಿಟ್ಟೆ ಚೆಂಡು ಹೂವಿಗೆ ಹೋಗಿ ಮೊಟ್ಟೆ ಇಡುತ್ತೆ. ಹುಳ ಬಿದ್ದ ಹೂವನ್ನು ಕಿತ್ತು ಹಾಕಿದರೆ ಕಾಯಿ ಉಳಿಯುತ್ತೆ. ಹೀಗೆ ಇಬ್ಬರ ಜಗಳವೂ ಮುಗಿಯಿತು.

ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡು ತಿಂದರೆ ಅದರ ಕಬ್ಬಿಣ ದೇಹಕ್ಕೆ ಚೆನ್ನಾಗಿ ಸೇರುತ್ತೆ. ಊಟದ ಜೊತೆ ಟೀ ಕುಡಿದರೆ ಸರಿಯಾಗಿ ಸೇರಲ್ಲ. ನಿಂಬೆ ಗಿಡ ಹಣ್ಣು ಬಿಡೋಕೆ ಮೂರು ನಾಲ್ಕು ವರ್ಷ ಬೇಕು. ಸಂತೆಯಿಂದ ತಂದ ನಿಂಬೆಹಣ್ಣು ಒಂದು ವಾರ ಕೆಡಲ್ಲ. ಆದ್ದರಿಂದ ಅದನ್ನು ಪಟ್ಟಿಯಿಂದ ಬಿಟ್ಟೆವು. ಮೂಲೆಯಲ್ಲಿ ತೋಳು ದಪ್ಪದ ನುಗ್ಗೆ ಕೊಂಬೆ ನೆಟ್ಟು ಅದರ ತುದಿಗೆ ಸಗಣಿ ಮೆತ್ತಿದ್ದೇವೆ. ಈ ವರ್ಷ ಪಕ್ಕದ ಮನೆಯವರು ನುಗ್ಗೆ ಸೊಪ್ಪು ಕೊಡುತ್ತೇವೆ ಅಂದಿದ್ದಾರೆ. ನಮ್ಮದು ಮಗು ನಡೆಯುವ ಹೊತ್ತಿಗೆ ಕಾಯಿ ಬಿಡುತ್ತೆ.

ಗೆಳೆಯ ಗೆಳತಿಯರೇ, ನೀವೂ ಬೀಜ ತರುವ ಮೊದಲು ನಿಮ್ಮ ಮನೆಯಲ್ಲಿ ಯಾರಿಗೆ ಏನು ಬೇಕು, ಯಾವಾಗ ಬೇಕು, ನೀರು ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳಿ. ಇನ್ನೊಂದು ಮಾತು. ನಮ್ಮಲ್ಲಿ ಸಬ್ಬಸಿಗೆ ಬೀಜ ಇಲ್ಲ. ಯಾರ ಮನೆಯಲ್ಲಾದರೂ ಇದ್ದರೆ ಒಂದು ಹಿಡಿ ಕೊಡಿ. ಬದಲಿಗೆ ಅಜ್ಜಿಯ ಮಡಕೆಯಿಂದ ಅವರೆ ಬೀಜ ತಂದು ಕೊಡುತ್ತೇನೆ.

– ಏಳನೇ ತರಗತಿ ವಿದ್ಯಾರ್ಥಿನಿ