ಯಾವ ಹೊಸಮನೆ ಸಾರ್?

ಶಿವಮೊಗ್ಗದಲ್ಲೊಂದು ಹೊಸಮನೆ ಇದೆ, ಭದ್ರಾವತಿಯಲ್ಲೊಂದು ಹೊಸಮನೆ ಇದೆ. ನಮ್ಮ ಪಾರ್ಸೆಲ್ ಮೊದಲು ಹೋಗಿದ್ದು ಭದ್ರಾವತಿಗೆ. ಎರಡು ದಿನ ಸುತ್ತಾಡಿ ಶಿವಮೊಗ್ಗದ ಚಿಕ್ಕಮ್ಮನ ಮನೆಗೆ ಬಂದಾಗ ತೆಗೆದು ನೋಡಿದೆ. ಅವ್ವ ಚಿತ್ತಾರ ಬರೆದಿದ್ದ ಎರಡು ಬುಟ್ಟಿಗಳು, ಬೆಂಗಳೂರಿನಿಂದ ವಾಪಸ್. ಜೊತೆಗೊಂದು ಚೀಟಿ: "ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಹೋಗುತ್ತೆ."

ಹೋಗದೆ ಇನ್ನೇನು? ಅದು ಪೇಂಟ್ ಅಲ್ಲ.

ನಮ್ಮದು ಸಾಗರದ ಕಡೆ ಹಳ್ಳಿ, ದೀವರ ಮನೆ. ದಸರಾ ಮುಗೀತಿದ್ದಂತೆ ಅವ್ವ ಬಿದಿರ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚೋಳು. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಸೀದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದ್ರೆ ಪುಂಡಿ ನಾರು. ನಾರು ಜಜ್ಜಿಕೊಡೋದು ನನ್ನ ಕೆಲಸ. ಇದೇ ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆಯ ಬೆಳಗಿನ ಜಾವ, ಬಸುರಿ ಭೂಮಿತಾಯಿಗೆ ಬಯಕೆಯ ಊಟ ಹೊತ್ತು ಗದ್ದೆಗೆ ಹೋಗೋ ಬುಟ್ಟಿ. ಮದುವೆ ಮನೆಯ ಗೋಡೆ ಮೇಲಾದರೆ ಅದೇ ಕೈ ಹಸೆ ಚಿತ್ತಾರ ಬರೆಯುತ್ತೆ. ಆ ಗೆರೆ ನೋಡ್ತಾ ಬೆಳೆದವನಿಗೆ ಕೈಯಿಂದ ಮಾಡಿದ್ದೆಲ್ಲ ಇಷ್ಟ. ಪಿಯುಸಿಗೆ ಹೊಸಮನೆಯ ಚಿಕ್ಕಮ್ಮನ ಮನೇಲಿದ್ದಾಗ ಹೊಸ ವರ್ಷದ ಕಾರ್ಡ್ ಬರೆದು ಐದೈದು ರೂಪಾಯಿಗೆ ಮಾರಿದ್ದೆ. ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಆ ಹುಚ್ಚು ಇಳೀಲಿಲ್ಲ. ವರ್ಕ್ ಫ್ರಮ್ ಹೋಮ್ ಅಂತ ಲ್ಯಾಪ್‌ಟಾಪ್ ಹೊತ್ತು ಹೊಸಮನೆಗೆ ಬಂದವನೇ ಇನ್‌ಸ್ಟಾಗ್ರಾಮಿನಲ್ಲಿ ಪೇಜ್ ಮಾಡಿ ಅವ್ವನ ಬುಟ್ಟಿ ಹಾಕಿದೆ. ಒಂದಕ್ಕೆ 450 ರೂಪಾಯಿ, ಕೊರಿಯರ್ ಸೇರಿ.

ಬುಟ್ಟಿ ವಾಪಸ್ ಬಂದ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ಇನ್ಮೇಲೆ ಅಕ್ರಿಲಿಕ್ ಹಾಕೋಣ. ನಾನೇ ತಂದ್ಕೊಡ್ತೀನಿ."

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಂದ್ಳು: "ಅಂಗಡಿ ಬಣ್ಣನೇ ಹಚ್ಚೋದಾದ್ರೆ ನಾನ್ಯಾಕೋ ಬೇಕು? ಯಾರ್ ಹಚ್ಚಿದ್ರೂ ಆಯ್ತಲ್ಲ."

ಪಕ್ಕದಲ್ಲಿ ಚಿಕ್ಕಮ್ಮ ಸೀರೆಗೆ ಕುಚ್ಚು ಹಾಕ್ತಾ ಕೂತಿದ್ದಳು. ಹೊಸಮನೆಯ ಆ ಪುಟ್ಟ ಹಾಲಿನಲ್ಲೇ ಕುಚ್ಚು, ಫಾಲ್ಸ್ ಅಂತ ಮಾಡಿ ಇಬ್ಬರು ಮಕ್ಕಳನ್ನ ಓದಿಸಿದವಳು. ರೇಟ್ ಹೇಳದೆ ಸೂಜಿ ಮುಟ್ಟೋದಿಲ್ಲ. "ಒಂದು ಬುಟ್ಟಿಗೆ ನಿಮ್ಮವ್ವಂಗೆ ಎಷ್ಟು ದಿನ ಹಿಡಿಯುತ್ತೆ?" ಅಂತ ಕೇಳಿದಳು. ಬಳಿದು, ಒಣಗಿಸಿ, ಬರೆಯೋದು ಎಲ್ಲ ಸೇರಿ ಮೂರು ದಿನದ ಕೆಲಸ ಅಂದೆ. ಬಿದಿರ ಬುಟ್ಟಿಗೆ 150, ಕೊರಿಯರ್‌ಗೆ 120. ಉಳಿದದ್ದು 180. ದಿನಕ್ಕೆ ಅರವತ್ತು ರೂಪಾಯಿ!

"ಅಡಿಕೆ ಸುಲಿಯೋಕೆ ಹೋಗಿದ್ರೂ ಇದಕ್ಕಿಂತ ಜಾಸ್ತಿ ಸಿಗ್ತಿತ್ತಲ್ಲೋ" ಅಂದಳು, ತಲೆ ಎತ್ತದೆ.

ಆಫೀಸಿನಲ್ಲಿ ಒಂದು ಬಟನ್ ಬಣ್ಣ ಬದಲಿಸೋಕೂ ಎರಡು ದಿನದ ಎಸ್ಟಿಮೇಟ್ ಕೊಡ್ತೀನಿ, ಮೇಲೆ ಅರ್ಧ ದಿನ ಬಫರ್. ಅವ್ವನ ಮೂರು ದಿನಕ್ಕೆ ನನ್ನ ಎಕ್ಸೆಲ್‌ನಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಕರಕುಶಲ ಕಲೆ ಉಳಿಸ್ತಿದೀನಿ ಅಂತ ಪೇಜಿನ ಮೇಲೆ ಬೇರೆ ಬರ್ಕೊಂಡಿದ್ದೆ.

ನಮ್ಮ ಸಾಗರದ ಹತ್ತಿರವೇ ಹೆಗ್ಗೋಡು, ಭೀಮನಕೋಣೆ. ಅಲ್ಲಿನ ಮಹಿಳೆಯರ ಸಹಕಾರ ಸಂಘ 'ಚರಕ' ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕುತ್ತೆ. ಅದನ್ನ ಕಟ್ಟಿದ ರಂಗಕರ್ಮಿ ಪ್ರಸನ್ನ, 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ತೆರಿಗೆಯೇ ಬೇಡ ಅಂತ ಉಪವಾಸ ಕೂತಿದ್ದರು. ಆಗ ಆ ಸುದ್ದಿಯನ್ನ ಲೈಕ್ ಮಾಡಿ ಮುಂದೆ ಹೋಗಿದ್ದೆ. ಯಂತ್ರದ ಮಾಲಿನ ಪಕ್ಕ ಕೈಯ ಮಾಲು ಇಟ್ಟು ಒಂದೇ ಲೆಕ್ಕ ಹಾಕಿದ್ರೆ ಕೈ ಸೋಲುತ್ತೆ ಅನ್ನೋದು ನನಗೆ ಅರ್ಥ ಆಗೋಕೆ ಅವ್ವನ ಬುಟ್ಟಿ ವಾಪಸ್ ಬರಬೇಕಾಯ್ತು.

ಚಿಕ್ಕಮ್ಮನೇ ಹೊಸ ಲೆಕ್ಕ ಹಾಕಿಕೊಟ್ಟಳು. ದಿನಕ್ಕೆ 400ರಂತೆ ಮೂರು ದಿನ, ಬುಟ್ಟಿಗೆ 150. ಒಟ್ಟು 1,350. ಕೊರಿಯರ್ ಬೇರೆ. ಬಣ್ಣ ಅದೇ ಅಕ್ಕಿ, ಅದೇ ಕೆಮ್ಮಣ್ಣು. ಜೊತೆಗೆ ಒಂದು ಚೀಟಿ: "ಒಣ ಬಟ್ಟೆಯಲ್ಲಿ ಒರೆಸಿ. ಇದು ಮಣ್ಣು."

ಆರ್ಡರ್ ಕಮ್ಮಿಯಾಯ್ತು, ಸುಳ್ಳು ಹೇಳಲ್ಲ. ಹೋದ ತಿಂಗಳು ಮೂರೇ ಹೋಗಿದ್ದು. ಮೂರರ ದುಡ್ಡನ್ನೂ ಅವ್ವನ ಖಾತೆಗೇ ಹಾಕಿದೆ. ಅವಳು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸ್ಕೊಂಡು ಬಂದಳಂತೆ. "ಇದು ನನ್ನ ಬುಟ್ಟೀದೇನಾ?" ಅಂತ ಎರಡು ಸಲ ಕೇಳಿದಳು.

ವಾಪಸ್ ಬಂದ ಬುಟ್ಟಿಗಳಲ್ಲಿ ಒಂದರಲ್ಲಿ ಈಗ ಚಿಕ್ಕಮ್ಮನ ದಾರದ ಉಂಡೆಗಳಿವೆ. ಇನ್ನೊಂದನ್ನ ಹುಣ್ಣಿಮೆಗೆ ಊರಿಗೆ ಒಯ್ದೆ, ಗದ್ದೆಗೆ ನಾನೇ ಹೊತ್ತೆ.

ನಿನ್ನೆ ಒಬ್ಬರು ಮೆಸೇಜ್ ಮಾಡಿದ್ರು, "ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಬ್ರೋ." ನಾನು ವಾದಕ್ಕೆ ಹೋಗಲಿಲ್ಲ. ಚಿಕ್ಕಮ್ಮನ ನಂಬರ್ ಕೊಟ್ಟೆ.